ನಲವತ್ತು ವರ್ಷದ ಹಾಯಿದೋಣಿ ಕೊಳ್ಳಬಹುದಾ?

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಐವತ್ತು ದಾಟಿದವರು. ನಾಲ್ಕೈದು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಬಾಡಿಗೆ ಹಾಯಿದೋಣಿಯಲ್ಲಿ ತೀರದುದ್ದಕ್ಕೂ ಓಡಾಡಿದ್ದೇವೆ. ಸ್ವಂತ ದೋಣಿ ಕೊಂಡು, ಅದರಲ್ಲೇ ವಾಸ ಮಾಡುತ್ತಾ, ಇನ್ನೆರಡು ವರ್ಷದಲ್ಲಿ ಒಂದು ಸಾಗರ ದಾಟಬೇಕು ಅನ್ನುವುದು ನಮ್ಮ ಆಸೆ. 1986ರಲ್ಲಿ ಕಟ್ಟಿದ 37 ಅಡಿಯ ಫೈಬರ್‌ಗ್ಲಾಸ್ ದೋಣಿಯೊಂದು ತುಂಬಾ ಹಿಡಿಸಿದೆ. ಡೆಕ್ ಮೇಲೆ ತೇಗದ ಹಲಗೆ ಹಾಸಿದ್ದಾರೆ. ಎಂಜಿನ್ ಓಡಿರುವುದು ಬರೀ 1,100 ಗಂಟೆ. ತಳದಲ್ಲಿ ಗುಳ್ಳೆ ಎದ್ದಿದ್ದವು, ಐದು ವರ್ಷದ ಹಿಂದೆ ರಿಪೇರಿ ಮಾಡಿಸಿದ್ದೇವೆ ಅನ್ನುತ್ತಾರೆ. ಮೂರು ವರ್ಷದ ಹಿಂದಿನ ಸರ್ವೇ ವರದಿಯನ್ನು ದಲ್ಲಾಳಿ ಕೊಟ್ಟಿದ್ದಾರೆ. ಅದರಲ್ಲಿ ದೊಡ್ಡ ದೋಷ ಏನೂ ಇಲ್ಲ. ಕೇಳಿದ ಬೆಲೆ ಕೊಟ್ಟರೆ ನಮ್ಮ ಉಳಿತಾಯ ಹೆಚ್ಚುಕಡಿಮೆ ಮುಗಿಯುತ್ತದೆ. ಇಷ್ಟು ಹಳೆಯ ಫೈಬರ್‌ಗ್ಲಾಸ್ ನಂಬಬಹುದಾ? ಗುಳ್ಳೆ ಅಂದರೆ ದೂರ ಓಡಬೇಕಾ? ಇನ್ನೊಂದು ಸರ್ವೇ ಬೇಕಾ? ಇದೇ ಬೆಲೆಗೆ 42 ಅಡಿಯದ್ದೂ ಸಿಗುತ್ತದೆ, ದೊಡ್ಡದೇ ಸುರಕ್ಷಿತ ಅಂತ ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಳಗಿರುವ ಭಯ ಒಂದೇ. ಇದ್ದ ಹಣವನ್ನೆಲ್ಲ ಸುರಿದು, ಹೊರಗಿನಿಂದ ಚೆನ್ನಾಗಿ ಕಾಣುವ ಒಂದು ಹಳೆಯ ಸಾಮಾನನ್ನು ಮನೆಗೆ ತರುತ್ತಿದ್ದೇವಾ ಅನ್ನುವ ಭಯ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಾನು ಮಾಡುತ್ತಿರುವುದು ಹಳೆಯ ಹಾಯಿದೋಣಿಗಳ ಪರೀಕ್ಷೆಯ ಕೆಲಸವನ್ನೇ. ಈ ಭಯ ಇರುವವರು ಒಳ್ಳೆಯ ದೋಣಿ ಕೊಳ್ಳುತ್ತಾರೆ. ಇಲ್ಲದವರ ಬಗ್ಗೆ ನನಗೆ ಚಿಂತೆ ಜಾಸ್ತಿ.

ಮೊದಲು ವಯಸ್ಸಿನ ಮಾತು. ದೋಣಿಗೆ ಒಂದೇ ವಯಸ್ಸು ಇರುವುದಿಲ್ಲ. ನಿಮ್ಮ ದೋಣಿಯ ಒಡಲು 1986ರದ್ದು. ಹಾಯಿ ಕಟ್ಟುವ ಕಂಬವನ್ನು ಹಿಡಿದಿರುವ ತಂತಿಗಳು ಯಾವಾಗಿನವು? ಹಾಯಿಗಳು? ಚುಕ್ಕಾಣಿಯ ಬೇರಿಂಗ್? ಗ್ಯಾಸ್ ಪೈಪು? ಡೀಸೆಲ್ ಟ್ಯಾಂಕು? ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಕೊನೆಯ ಸಲ ಬದಲಾಯಿಸಿದ ವರ್ಷ ಬರೆಯಿರಿ. ರಸೀದಿ ಇದ್ದರೆ ಮಾತ್ರ ಬರೆಯಿರಿ. ರಸೀದಿ ಇಲ್ಲದ್ದೆಲ್ಲ 1986ರದ್ದು ಅಂತಲೇ ಲೆಕ್ಕ. ಈ ಒಂದು ಹಾಳೆ ತುಂಬುವಾಗಲೇ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ. ಒಳ್ಳೆಯ ಮಾಲೀಕರು ರಸೀದಿಗಳ ಕಡತವನ್ನು ನೀವು ಕೇಳುವ ಮೊದಲೇ ಮೇಜಿನ ಮೇಲೆ ಇಟ್ಟಿರುತ್ತಾರೆ.

ಈ ಹಾಳೆಯಲ್ಲಿ ಕಡಿಮೆ ಚಿಂತೆ ಮಾಡಬೇಕಾದ ಸಾಲು ಅಂದರೆ ಒಡಲೇ. ಗಟ್ಟಿ ಫೈಬರ್‌ಗ್ಲಾಸ್ ಮರದ ಹಾಗೆ ಕೊಳೆಯುವುದಿಲ್ಲ, ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. 1960ರ ದಶಕದಲ್ಲಿ ಕಟ್ಟಿದ ಎಷ್ಟೋ ದೋಣಿಗಳು ಇವತ್ತಿಗೂ ಸಾಗರ ದಾಟುತ್ತಿವೆ. ಹಾಗಾಗಿ ನಲವತ್ತು ವರ್ಷ ಅನ್ನುವ ಅಂಕಿ ನೋಡಿ ಹೆದರಬೇಡಿ.

ಗುಳ್ಳೆಯ ವಿಷಯಕ್ಕೆ ಬರೋಣ. ಒಡಲಿನ ಹೊರಮೈಗೆ ಜೆಲ್‌ಕೋಟ್ ಅನ್ನುವ ಹೊಳಪಿನ ಪದರ ಇರುತ್ತದೆ. ಅದು ಪೂರ್ತಿ ಜಲನಿರೋಧಕ ಅಲ್ಲ. ವರ್ಷಗಟ್ಟಲೆ ನೀರಿನಲ್ಲಿ ನಿಂತಾಗ ತೇವ ನಿಧಾನವಾಗಿ ಒಳಗೆ ಇಳಿಯುತ್ತದೆ. ಫೈಬರ್‌ಗ್ಲಾಸ್‌ನ ಎಳೆಗಳನ್ನು ಹಿಡಿದಿಡುವ ರಾಳದಲ್ಲಿ ಉಳಿದುಕೊಂಡ ಕೆಲವು ರಾಸಾಯನಿಕಗಳು ಆ ತೇವದಲ್ಲಿ ಕರಗುತ್ತವೆ. ಈ ಗಟ್ಟಿ ದ್ರಾವಣ ಹೊರಗಿನ ನೀರನ್ನು ಇನ್ನಷ್ಟು ಎಳೆಯುತ್ತದೆ. ಒತ್ತಡ ಹೆಚ್ಚಿ ಮೇಲೆ ಗುಳ್ಳೆ ಏಳುತ್ತದೆ. ಚುಚ್ಚಿದರೆ ವಿನೆಗರ್‌ನಂಥ ಹುಳಿ ವಾಸನೆಯ ಅಂಟುನೀರು ಬರುತ್ತದೆ. ನೋಡಲು ಅಸಹ್ಯ, ನಿಜ. ಆದರೆ ಇಷ್ಟು ವರ್ಷದಲ್ಲಿ ಬರೀ ಗುಳ್ಳೆಯಿಂದ ಮುಳುಗಿದ ದೋಣಿಯನ್ನು ನಾನು ನೋಡಿಲ್ಲ. ಚರ್ಮದ ಕಾಯಿಲೆಗೆ ಹೃದಯ ರೋಗದಷ್ಟು ಹೆದರುವವರೇ ಜಾಸ್ತಿ.

ನೀವು ಕೇಳಬೇಕಾದದ್ದು ರಿಪೇರಿಯ ಗುಣಮಟ್ಟವನ್ನು. ಸರಿಯಾದ ಕ್ರಮ ಹೀಗಿದೆ: ಜೆಲ್‌ಕೋಟ್ ಕೆರೆದು ತೆಗೆಯಬೇಕು, ಮತ್ತೆ ಮತ್ತೆ ಸಿಹಿನೀರಿನಲ್ಲಿ ತೊಳೆಯಬೇಕು, ಚೆನ್ನಾಗಿ ಒಣಗಿಸಬೇಕು, ಆಮೇಲೆ ಎಪಾಕ್ಸಿ ಅನ್ನುವ, ನೀರು ತಡೆಯುವ ರಾಳವನ್ನು ಹಲವು ಪದರ ಹಚ್ಚಬೇಕು. ಸುಮ್ನೆ ಬಿಟ್ಟು ಒಣಗಿಸಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎರಡು ವಾರದಲ್ಲಿ ಎಲ್ಲ ಮುಗಿಯಿತು ಅಂದರೆ ಒದ್ದೆ ಮೈಮೇಲೆ ಬಣ್ಣ ಬಳಿದಿದ್ದಾರೆ ಅಂತ ಅರ್ಥ, ಗುಳ್ಳೆ ವಾಪಸು ಬರುತ್ತದೆ. ಯಾರು ಮಾಡಿದರು, ಎಷ್ಟು ದಿನ ಒಣಗಿಸಿದರು, ತೇವದ ಅಳತೆ ಬರೆದಿಟ್ಟಿದ್ದಾರಾ ಅಂತ ಕೇಳಿ. ಉತ್ತರ ತೃಪ್ತಿಕರವಾಗಿದ್ದರೆ ಗುಳ್ಳೆಯನ್ನು ಮರೆತುಬಿಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ನಿದ್ದೆ ಕೆಡಿಸಿಕೊಳ್ಳುವುದು ನೀವು ಪತ್ರದಲ್ಲಿ ಖುಷಿಯಿಂದ ಬರೆದ ವಿಷಯಕ್ಕೆ. ಆ ತೇಗದ ಡೆಕ್ಕಿಗೆ.

ಒಡಲು ಗಟ್ಟಿ ಫೈಬರ್‌ಗ್ಲಾಸ್ ಆಗಿದ್ದರೂ ಡೆಕ್ ಸಾಮಾನ್ಯವಾಗಿ ಹಾಗಿರುವುದಿಲ್ಲ. ಹಗುರವಾಗಿಯೂ ಬಿಗಿಯಾಗಿಯೂ ಇರಲಿ ಅಂತ ಎರಡು ತೆಳು ಪದರಗಳ ನಡುವೆ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಫೋಮನ್ನೋ ತಿರುಳಾಗಿ ಇಟ್ಟಿರುತ್ತಾರೆ. ತಿರುಳು ಒಣಗಿರುವ ತನಕ ಇದು ಅದ್ಭುತವಾದ ರಚನೆ. ಆದರೆ ಡೆಕ್ಕಿನಲ್ಲಿ ರಂಧ್ರಗಳು ಲೆಕ್ಕವಿಲ್ಲದಷ್ಟು. ವಿಂಚು (ಹಗ್ಗ ಬಿಗಿಯುವ ರಾಟೆ), ಕಂಬಿ, ಕಿಟಕಿ, ಹಗ್ಗದ ಕೊಕ್ಕೆ, ಒಂದೊಂದಕ್ಕೂ ನಾಲ್ಕಾರು ಬೋಲ್ಟು. ಸುತ್ತ ಹಚ್ಚಿದ ಸೀಲಂಟ್ ಹತ್ತಿಪ್ಪತ್ತು ವರ್ಷದಲ್ಲಿ ಗಡಸಾಗಿ ಬಿರಿಯುತ್ತದೆ. ಅಲ್ಲಿಂದ ಹನಿ ಹನಿ ನೀರು ತಿರುಳಿಗೆ ಇಳಿಯುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಬಾಲ್ಸಾ ಕೊಳೆತು ಒದ್ದೆ ಹಿಟ್ಟಿನ ಹಾಗೆ ಆಗುತ್ತದೆ.

ಈಗ ಅದರ ಮೇಲೆ ತೇಗದ ಡೆಕ್ ಯೋಚಿಸಿ. ಆ ಕಾಲದಲ್ಲಿ ಹಲಗೆಗಳನ್ನು ಮೇಲಿನಿಂದ ಸ್ಕ್ರೂ ಹಾಕಿ ಕೂರಿಸುತ್ತಿದ್ದರು. 37 ಅಡಿಯ ದೋಣಿಯಲ್ಲಿ ಅಂಥ ಸ್ಕ್ರೂಗಳು ಸಾವಿರ ದಾಟುತ್ತವೆ. ಪ್ರತಿಯೊಂದೂ ತಿರುಳಿಗೆ ಹೋಗುವ ಒಂದು ಬಾಗಿಲು. ಹಲಗೆ ಸವೆದು ತೆಳ್ಳಗಾದ ಹಾಗೆ ಸ್ಕ್ರೂ ಮೇಲಿನ ಮರದ ಬಿರಡೆಗಳು ಉದುರುತ್ತವೆ. ಹಲಗೆಗಳ ನಡುವಿನ ಕಪ್ಪು ಅಂಟು ಬಿಡುತ್ತದೆ. ಒಂದು ದೋಣಿ ನೆನಪಾಗುತ್ತದೆ. ಹಲಗೆಗೆ ಹೊಸದಾಗಿ ಎಣ್ಣೆ ಕೊಟ್ಟು ಫಳಫಳ ಅನ್ನಿಸಿದ್ದರು. ಪ್ಲಾಸ್ಟಿಕ್ ಸುತ್ತಿಗೆಯಿಂದ ಬಡಿಯುತ್ತಾ ಹೋದೆ. ಕಂಬದ ಬುಡದಿಂದ ಮುಂದಕ್ಕೆ ಒಂದು ಕಡೆಯೂ ಟಣ್ ಅನ್ನಲಿಲ್ಲ, ಎಲ್ಲ ಕಡೆ ಮೆತ್ತಗೆ ದಬ್ ಅಂತಿತ್ತು. ಮೇಲೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಅಕ್ಷರಶಃ ಅದೇ. ಕೊಳ್ಳಲು ಬಂದಿದ್ದ ದಂಪತಿ ನನ್ನ ಮುಖ ನೋಡುತ್ತಿದ್ದರು. ಹೇಳುವುದು ಕಷ್ಟವಾಯಿತು.

ಇಂಥ ಡೆಕ್ಕಿನ ರಿಪೇರಿ ಅಂದರೆ ಹಲಗೆ ಕಿತ್ತು, ಮೇಲಿನ ಪದರ ಕೊಯ್ದು, ಕೊಳೆತ ತಿರುಳು ಕೆರೆದು, ಹೊಸದು ತುಂಬಿ, ಮತ್ತೆ ಫೈಬರ್‌ಗ್ಲಾಸ್ ಹಾಸುವುದು. ಸಾಮಾನಿಗಿಂತ ಕೂಲಿ ಜಾಸ್ತಿ. ದೋಣಿಯ ಬೆಲೆಯ ದೊಡ್ಡ ಪಾಲು ಇಲ್ಲೇ ಕರಗಬಹುದು. ನೀವೇ ಒಂದು ಮೊದಲ ಪರೀಕ್ಷೆ ಮಾಡಿ. ಬರಿಗಾಲಲ್ಲಿ ನಿಧಾನವಾಗಿ ಡೆಕ್ ಮೇಲೆ ನಡೆಯಿರಿ. ಎಲ್ಲಾದರೂ ಪಾದದಡಿ ಕುಗ್ಗಿದ ಹಾಗೆ ಅನ್ನಿಸಿದರೆ, ಬಿರುಕಿನಿಂದ ನೀರು ಚಿಮ್ಮಿದರೆ ಗುರುತು ಮಾಡಿಕೊಳ್ಳಿ. ಒಳಗೆ ಹೋಗಿ ಅದೇ ಜಾಗದ ಕೆಳಗೆ ಕಂದು ಕಲೆ ಇದೆಯಾ ನೋಡಿ.

ನೀರು ಇನ್ನೊಂದು ಕಡೆ ಇನ್ನೂ ಕೆಟ್ಟ ಕೆಲಸ ಮಾಡುತ್ತದೆ. ಕಂಬವನ್ನು ಎರಡೂ ಬದಿಯಿಂದ ಹಿಡಿಯುವ ಸ್ಟೇನ್‌ಲೆಸ್ ತಂತಿಗಳು ಚೈನ್‌ಪ್ಲೇಟ್ ಅನ್ನುವ ಲೋಹದ ಪಟ್ಟಿಗಳಿಗೆ ಬಿಗಿದಿರುತ್ತವೆ. ಆ ಪಟ್ಟಿ ಡೆಕ್ ಸೀಳಿಕೊಂಡು ಒಳಗೆ ಹೋಗಿರುತ್ತದೆ. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದ್ದು ಅಂತ ಬಹಳ ಜನರ ನಂಬಿಕೆ. ಅದನ್ನು ಕಾಪಾಡುವುದು ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡ್‌ನ ತೀರಾ ತೆಳುವಾದ ಪೊರೆ. ಆ ಪೊರೆ ಉಳಿಯಲು ಆಮ್ಲಜನಕ ಬೇಕು. ಡೆಕ್ಕಿನ ಸೀಳಿನೊಳಗೆ ಉಪ್ಪುನೀರು ನಿಂತರೆ ಅಲ್ಲಿ ಗಾಳಿ ಇಲ್ಲ, ಪೊರೆ ಹೋಗುತ್ತದೆ, ಲೋಹ ಒಳಗೊಳಗೇ ಸವೆಯುತ್ತದೆ. ಡೆಕ್ಕಿನ ಮೇಲೂ ಕೆಳಗೂ ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಮಧ್ಯದ ಎರಡು ಬೆರಳಷ್ಟು ಜಾಗದಲ್ಲಿ ಅರ್ಧವೇ ಉಳಿದಿರುತ್ತದೆ. ಅದು ತುಂಡಾಗುವುದು ಗಾಳಿ ಜೋರಾದ ದಿನವೇ, ಆಗ ಕಂಬ ಸಮುದ್ರಕ್ಕೆ ಬೀಳುತ್ತದೆ.

ತಂತಿಗಳನ್ನು 10ರಿಂದ 15 ವರ್ಷಕ್ಕೊಮ್ಮೆ ಬದಲಾಯಿಸುವುದು ನಮ್ಮ ಕಸುಬಿನವರ ರೂಢಿ. ಎಷ್ಟೋ ವಿಮೆ ಕಂಪನಿಗಳೂ ಹಳೆಯ ತಂತಿ ಇದ್ದರೆ ಒಪ್ಪುವುದಿಲ್ಲ. ಚೈನ್‌ಪ್ಲೇಟ್ ವಿಷಯದಲ್ಲಿ ನನ್ನ ಸಲಹೆ ನೇರ: ಒಂದನ್ನಾದರೂ ಬಿಚ್ಚಿ ತೋರಿಸಲು ಹೇಳಿ. ಬಿಚ್ಚುವ ಖರ್ಚು ನೀವೇ ಕೊಡಿ. ಮಾಲೀಕರು ಒಪ್ಪದಿದ್ದರೆ ಅವರು ಕೆಟ್ಟವರು ಅಂತಲ್ಲ, ಆದರೆ ಎಲ್ಲವನ್ನೂ ಬದಲಾಯಿಸುವ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ.

ಕೀಲ್ ಬಗ್ಗೆ, ಅಂದರೆ ದೋಣಿ ಮಗುಚದಂತೆ ತಳದ ಕೆಳಗೆ ಇರುವ ಭಾರವಾದ ರೆಕ್ಕೆಯ ಬಗ್ಗೆ, ನೀವು ಒಂದು ಸಾಲೂ ಬರೆದಿಲ್ಲ. ತಳಕ್ಕೆ ಬೋಲ್ಟು ಹಾಕಿ ಕೂರಿಸಿದ ಕೀಲ್ ಆಗಿದ್ದರೆ ಕೇಳಲೇಬೇಕಾದ ಪ್ರಶ್ನೆ, ಈ ದೋಣಿ ಎಂದಾದರೂ ಬಂಡೆಗೆ ತಾಗಿತ್ತಾ ಅನ್ನುವುದು. 2014ರ ಮೇ ತಿಂಗಳಲ್ಲಿ ಚೀಕಿ ರಫಿಕಿ ಅನ್ನುವ ಹಾಯಿದೋಣಿ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿತು. ನಾಲ್ವರು ಹೋದರು. ಹಿಂದೆ ಹಲವು ಸಲ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು, ಎರಡೂ ಸೇರಿ ರಚನೆಯನ್ನು ದುರ್ಬಲ ಮಾಡಿರಬಹುದು ಅಂತ ಬ್ರಿಟನ್ನಿನ ತನಿಖಾ ಸಂಸ್ಥೆ ಹೇಳಿತು. ಹೊರಗೆ ಪುಟ್ಟ ಗೀರು ಕಾಣುವ ಪೆಟ್ಟು ಒಳಗೆ ದೊಡ್ಡ ಹಾನಿ ಮಾಡಿರಬಹುದು. ಕೀಲ್‌ನ ಮುಂತುದಿ ಬಂಡೆಗೆ ತಾಗಿದರೆ ಹಿಂತುದಿ ತಳವನ್ನು ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ಒಳಗೆ ಕೀಲ್‌ನ ಹಿಂತುದಿಯ ಮೇಲಿನ ಜಾಗ ನೋಡಬೇಕು. ಬಿರುಕು, ತಳವನ್ನು ಬಿಗಿಯಾಗಿಡುವ ಅಡ್ಡಪಟ್ಟಿ ಅಂಟು ಬಿಟ್ಟಿರುವುದು, ಆ ಒಂದು ಜಾಗಕ್ಕೆ ಮಾತ್ರ ಹೊಸದಾಗಿ ಬಳಿದ ಬಣ್ಣ, ಮೂರೂ ಎಚ್ಚರಿಕೆಯೇ. ದೋಣಿಯನ್ನು ಕ್ರೇನಿನಲ್ಲಿ ಎತ್ತಿದಾಗ ಕೀಲ್ ಮತ್ತು ಒಡಲಿನ ನಡುವಿನ ಗೆರೆ ಬಾಯಿ ಬಿಡುತ್ತದಾ, ಕೆಳಗೆ ಇಳಿಸಿದಾಗ ಮುಚ್ಚುತ್ತದಾ ಅಂತ ಕಣ್ಣಿಟ್ಟು ನೋಡಿ.

ಎಂಜಿನ್ 1,100 ಗಂಟೆ ಓಡಿದೆ ಅಂತ ಸಂತೋಷಪಟ್ಟಿದ್ದೀರಿ. ಲೆಕ್ಕ ಹಾಕಿ: ನಲವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30 ಗಂಟೆಯೂ ಇಲ್ಲ. ಡೀಸೆಲ್ ಎಂಜಿನ್‌ಗೆ ಓಡುವುದಕ್ಕಿಂತ ಸುಮ್ನೆ ಕೂರುವುದೇ ಕೆಡುಕು. ಸೀಲುಗಳು ಒಣಗುತ್ತವೆ, ಸಿಲಿಂಡರ್ ಒಳಗೆ ತುಕ್ಕು ಕೂರುತ್ತದೆ, ಎಗ್ಸಾಸ್ಟ್ ಕೊಳವೆಯ ಮೊಣಕೈಯಂಥ ತಿರುವಿನಲ್ಲಿ ಮಸಿ ಕಟ್ಟುತ್ತದೆ. ಚೆನ್ನಾಗಿ ನೋಡಿಕೊಂಡ ಎಂಜಿನ್ 5,000 ಗಂಟೆ ದಾಟಿ ಓಡಿದ್ದನ್ನು ಕಂಡಿದ್ದೇನೆ. ನೀವು ಹೋಗುವ ದಿನ ಎಂಜಿನ್ ಮುಟ್ಟಿ ನೋಡಿ. ತಣ್ಣಗಿರಬೇಕು. ಬಿಸಿಯಿದ್ದರೆ ಮೊದಲೇ ಓಡಿಸಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇವೆ ಅನ್ನಿ. ಶುರುವಾದ ಮೇಲೆ ಹೊಗೆ ನೋಡಿ. ನೀಲಿ ಅಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಅಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಎಂಜಿನ್ ಮೇಲೆ ಭಾರ ಹೆಚ್ಚಾಗಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೆಕ್ಯಾನಿಕ್ ನೋಡಬೇಕು. ಸೈಲ್‌ಡ್ರೈವ್ (ಎಂಜಿನ್ನಿನಿಂದ ನೇರ ತಳದ ಮೂಲಕ ಇಳಿದು ಪ್ರೊಪೆಲರ್ ತಿರುಗಿಸುವ ಕಾಲು) ಇದ್ದರೆ ಅದರ ಸುತ್ತ ನೀರು ತಡೆಯುವ ರಬ್ಬರ್ ಪೊರೆಯ ವರ್ಷ ಕೇಳಿ. ಎಂಜಿನ್ ತಯಾರಿಸುವ ವೋಲ್ವೊ ಪೆಂಟಾ ಕಂಪನಿ ಅದನ್ನು 7 ವರ್ಷಕ್ಕೊಮ್ಮೆ ಬದಲಾಯಿಸಲು ಹೇಳುತ್ತದೆ. ಇನ್ನು ಹಳೆಯ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಸೇರಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟಿರುತ್ತದೆ. ಶಾಂತ ನೀರಿನಲ್ಲಿ ತೊಂದರೆ ಇಲ್ಲ. ಅಲೆ ಎದ್ದು ಕಲಕಿದಾಗ ಫಿಲ್ಟರ್ ಕಟ್ಟಿ ಎಂಜಿನ್ ನಿಲ್ಲುತ್ತದೆ, ಅದೂ ಬೇಕೇ ಬೇಕಾದ ಹೊತ್ತಿನಲ್ಲಿ.

ನೀರು ಒಳಗೆ ಹೊರಗೆ ಹೋಗುವ ತಳದ ರಂಧ್ರಗಳ ವಾಲ್ವುಗಳು ಹಿತ್ತಾಳೆಯವಾದರೆ ಬದಲಾಯಿಸಿ. ಹಿತ್ತಾಳೆಯಲ್ಲಿರುವ ಸತು ಕರಗಿ ಹೋಗಿ ಲೋಹ ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಹಾಯಿ ಸವೆದಿದ್ದರೆ ಹೊಸದು ಹೊಲಿಸಿದರಾಯಿತು. ಎಲೆಕ್ಟ್ರಾನಿಕ್ಸ್‌ಗೆ ಒಂದು ಕಾಸೂ ಹೆಚ್ಚು ಕೊಡಬೇಡಿ, ಅದು ಬೇಗ ಹಳತಾಗುತ್ತದೆ.

ಸರ್ವೇ ಬೇಕಾ ಅಂತ ಕೇಳಿದ್ದೀರಿ. ಬೇಕು. ಆ ಹಳೆಯ ವರದಿಯನ್ನು ಮತ್ತೆ ಓದಿ, ಈ ಸಲ ‘ಪರೀಕ್ಷಿಸಿಲ್ಲ’, ‘ತಲುಪಲಾಗಲಿಲ್ಲ’ ಅನ್ನುವ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಕಂಬದ ಮೇಲ್ತುದಿ, ಟ್ಯಾಂಕಿನ ಒಳಗು, ಎಂಜಿನ್, ಚೈನ್‌ಪ್ಲೇಟ್, ಎಷ್ಟೋ ಸಲ ಎಲ್ಲವೂ ಆ ಪಟ್ಟಿಯಲ್ಲೇ ಇರುತ್ತವೆ. ದೋಷ ಇಲ್ಲ ಅಂತ ಬರೆಯುವುದೂ ನೋಡಿಲ್ಲ ಅಂತ ಬರೆಯುವುದೂ ಒಂದೇ ಅಲ್ಲ ಅಲ್ವಾ? ಜೊತೆಗೆ ಆ ವರದಿ ಬರೆದವರ ಜವಾಬ್ದಾರಿ ಸಾಮಾನ್ಯವಾಗಿ ಹಣ ಕೊಟ್ಟು ಬರೆಸಿದವರಿಗೆ ಮಾತ್ರ, ನಿಮಗಲ್ಲ. ದಲ್ಲಾಳಿ ಸೂಚಿಸಿದವರನ್ನು ಬಿಟ್ಟು ನೀವೇ ಒಬ್ಬ ಸರ್ವೇಯರ್ ಹುಡುಕಿ. ಸರ್ವೇ ಮತ್ತು ಸಮುದ್ರ ಪರೀಕ್ಷೆಯಲ್ಲಿ ಒಪ್ಪಿಗೆಯಾದರೆ ಮಾತ್ರ ಕೊಳ್ಳುತ್ತೇವೆ ಅನ್ನುವ ಷರತ್ತನ್ನು ಬರವಣಿಗೆಯಲ್ಲಿ ಹಾಕಿಸಿ, ಆಮೇಲೆ ಮುಂಗಡ ಕೊಡಿ. ಕಾಗದಪತ್ರದಲ್ಲೂ ಎಚ್ಚರ ಇರಲಿ. ದೋಣಿಯ ಮೇಲಿನ ಸಾಲ ಎಷ್ಟೋ ದೇಶಗಳಲ್ಲಿ ದೋಣಿಯ ಜೊತೆಗೇ ಹೊಸ ಮಾಲೀಕನ ಹೆಗಲಿಗೆ ಬರುತ್ತದೆ. ಕಟ್ಟಿದವರಿಂದ ಇವತ್ತಿನವರೆಗಿನ ಮಾರಾಟ ಪತ್ರಗಳ ಸರಪಳಿ, ತೆರಿಗೆ ಕಟ್ಟಿದ ದಾಖಲೆ, ಹಿಂಭಾಗದಲ್ಲಿ ಕೆತ್ತಿದ ಗುರುತಿನ ಸಂಖ್ಯೆ, ಮೂರೂ ತಾಳೆಯಾಗಬೇಕು.

42 ಅಡಿಯ ಮಾತು. ಗೆಳೆಯರು ಹೇಳಿದ್ದು ಪೂರ್ತಿ ತಪ್ಪಲ್ಲ. ಉದ್ದದ ದೋಣಿ ಅಲೆಯಲ್ಲಿ ಕಡಿಮೆ ಕುಲುಕುತ್ತದೆ, ಸ್ವಲ್ಪ ವೇಗವಾಗಿಯೂ ಹೋಗುತ್ತದೆ. ಆದರೆ ಎಷ್ಟು ವೇಗ? ವೇಗಕ್ಕೆ ಲೆಕ್ಕ ನೀರಿನ ಮಟ್ಟದ ಉದ್ದ, ಅದು ಒಟ್ಟು ಉದ್ದಕ್ಕಿಂತ ಕಡಿಮೆ. ನೀರಿನ ಮಟ್ಟದಲ್ಲಿ 30 ಅಡಿ ಉದ್ದ ಇರುವ ದೋಣಿಯ ಸಹಜ ಮಿತಿ ಸುಮಾರು 7.3 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). 35 ಅಡಿಗೆ ಸುಮಾರು 7.9. ಇನ್ನೊಂದು ಕಡೆ ಭಾರ ನೋಡಿ. ಅದೇ ಆಕಾರದ ದೋಣಿಯನ್ನು 37ರಿಂದ 42 ಅಡಿಗೆ ಹಿಗ್ಗಿಸಿದರೆ ತೂಕ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ಹಾಯಿ, ಲಂಗರು, ವಿಂಚು, ತಂತಿ ಎಲ್ಲವೂ ಅದಕ್ಕೆ ತಕ್ಕಂತೆ ದೊಡ್ಡದು, ದುಬಾರಿ. ರಾತ್ರಿ ಎರಡು ಗಂಟೆಗೆ ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಒಂಟಿಯಾಗಿ ಹಾಯಿ ಇಳಿಸಬೇಕು, ಅದನ್ನೂ ಯೋಚಿಸಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಒಂಟಿಯಾಗಿ, ಎಲ್ಲೂ ನಿಲ್ಲದೆ 312 ದಿನದಲ್ಲಿ ಭೂಮಿ ಸುತ್ತಿದ್ದು 32 ಅಡಿಯ ಸುಹೈಲಿಯಲ್ಲಿ. ಬಾಂಬೆಯಲ್ಲಿ ತೇಗದಲ್ಲಿ ಕಟ್ಟಿದ ದೋಣಿ ಅದು.

ಅದಕ್ಕಿಂತ ಮುಖ್ಯವಾದದ್ದು ಖರ್ಚು. ದೋಣಿಯ ನಿರ್ವಹಣೆ ನೀವು ಕೊಟ್ಟ ಬೆಲೆಯನ್ನು ನೋಡುವುದಿಲ್ಲ, ದೋಣಿಯ ಗಾತ್ರವನ್ನು ನೋಡುತ್ತದೆ. ಅಗ್ಗಕ್ಕೆ ಸಿಕ್ಕ 42 ಅಡಿಗೂ ಹೊಸ 42 ಅಡಿಯಷ್ಟೇ ಬಣ್ಣ ಬೇಕು, ಅಷ್ಟೇ ನಿಲುಗಡೆ ಬಾಡಿಗೆ. 37 ಅಡಿಯ ಬೆಲೆಗೆ 42 ಅಡಿ ಸಿಗುತ್ತಿದೆ ಅಂದರೆ ಯಾಕೆ ಅಂತ ಮೊದಲು ಕೇಳಬೇಕು.

ನಿಮ್ಮ ಮುಂದಿರುವ ದಾರಿಗಳನ್ನು ನೇರವಾಗಿ ಹೇಳುತ್ತೇನೆ. ಸರ್ವೇಯಲ್ಲಿ ಡೆಕ್ ಒಣಗಿದ್ದು, ಕೀಲ್ ಗಟ್ಟಿಯಿದ್ದು, ತಂತಿ ಮಾತ್ರ ಹಳೆಯದು ಅಂತ ಬಂದರೆ ಆ ಖರ್ಚು ಬೆಲೆಯಿಂದ ಇಳಿಸಿ ಕೊಳ್ಳಬಹುದು. ಆಗಲೂ ಏನಾದರೊಂದು ಹೊಸ ಖರ್ಚು ಏಳುತ್ತದೆ. ಅದಕ್ಕಾಗಿ ಒಟ್ಟು ಹಣದ ಮೂರನೇ ಒಂದು ಭಾಗ ಕೈಯಲ್ಲೇ ಇರಬೇಕು. ಈಗಿನ ಬೆಲೆಗೆ ನಿಮ್ಮಲ್ಲಿ ಅದು ಉಳಿಯುವುದಿಲ್ಲ, ಹಾಗಾಗಿ ಈಗಿನ ಬೆಲೆಗೆ ಬೇಡ. ಡೆಕ್ ಒದ್ದೆ ಅಂತ ಬಂದರೆ ಎಷ್ಟೇ ಇಳಿಸಿದರೂ ನಾನು ಬಿಡಿ ಅನ್ನುತ್ತೇನೆ. ಕೈಯಾರೆ ರಿಪೇರಿ ಮಾಡುತ್ತೇವೆ ಅನ್ನುವವರಿಗೆ ಅದು ಒಳ್ಳೆಯ ವ್ಯಾಪಾರ ಆಗಬಹುದು, ಆದರೆ ಎರಡು ವರ್ಷ ದೋಣಿ ರಿಪೇರಿಯ ಅಂಗಳದಲ್ಲೇ ಕಳೆಯುತ್ತದೆ, ನಿಮ್ಮ ಸಾಗರ ಅಲ್ಲೇ ಉಳಿಯುತ್ತದೆ. ಮೂರನೆಯದು, ತೇಗವಿಲ್ಲದ ಸಾದಾ ಡೆಕ್ಕಿನ 33-34 ಅಡಿಯ ದೋಣಿ ಹುಡುಕುವುದು. ಜಾಗ ಇಕ್ಕಟ್ಟು, ನೀರು ಮತ್ತು ಸಾಮಾನು ಕಡಿಮೆ ಹಿಡಿಯುತ್ತದೆ, ಇಬ್ಬರಿಗೂ ಒಗ್ಗಬೇಕು. ಹಣದ ಮಟ್ಟಿಗೆ ಮಾತ್ರ ಇದೇ ನಿರಾಳ. ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸು ಇದರ ಕಡೆಗೇ ವಾಲಿತು, ಆದರೂ ಈ ದೋಣಿಯನ್ನು ಪರೀಕ್ಷಿಸದೆ ಬಿಡಿ ಅನ್ನಲಾರೆ.

ಈ ವಾರ ಮಾಲೀಕರಿಗೆ ಫೋನ್ ಮಾಡಿ. ತಂತಿ ಬದಲಾಯಿಸಿದ ರಸೀದಿ, ಒಂದು ಚೈನ್‌ಪ್ಲೇಟ್ ಬಿಚ್ಚಲು ಒಪ್ಪಿಗೆ, ನೆಲಕ್ಕೆ ತಾಗಿದ ಇತಿಹಾಸ, ಇಷ್ಟು ಕೇಳಿ. ಪರೀಕ್ಷೆಯ ದಿನ ಇಬ್ಬರೂ ಹೋಗಿ. ಸರ್ವೇಯರ್ ಡೆಕ್ ಬಡಿಯುತ್ತಿರುವಾಗ ನೀವು ಒಳಗಿನ ನೆಲದ ಹಲಗೆಗಳನ್ನು ಒಂದೊಂದಾಗಿ ಎತ್ತಿ. ತಳದಲ್ಲಿ ನೀರು ಕಂಡರೆ ಮೊದಲು ಮೂಸಿ. ಡೀಸೆಲ್, ಶೌಚದ ವಾಸನೆ ಇಲ್ಲದಿದ್ದರೆ ಬೆರಳದ್ದಿ ನಾಲಿಗೆ ತುದಿಗೆ ಮುಟ್ಟಿಸಿ. ಉಪ್ಪಾಗಿದ್ದರೆ ಸಾಮಾನ್ಯವಾಗಿ ತಳದ ವಾಲ್ವಿನಿಂದಲೋ ಪ್ರೊಪೆಲರ್ ತಿರುಗಿಸುವ ಶಾಫ್ಟ್‌ನಿಂದಲೋ ಬಂದದ್ದು. ಸಪ್ಪೆಯಾಗಿದ್ದರೆ ಕುಡಿಯುವ ನೀರಿನ ಟ್ಯಾಂಕು ಸೋರುತ್ತಿದೆಯಾ ನೋಡಿ. ಅದು ಸೋರದಿದ್ದರೆ ಮಳೆನೀರು, ಮೇಲಿನಿಂದ ಇಳಿದಿದೆ. ಹಾಗಿದ್ದರೆ ಸರ್ವೇಯರನ್ನು ಕರೆದು ತೋರಿಸಿ, ಡೆಕ್ಕನ್ನು ಇನ್ನೊಂದು ಸಲ ಬಡಿಯಲು ಹೇಳಿ.